ಬೋಣಿ ಹಾಲಿಗೆ ನೀರು ಹಾಕಿದ್ದು ಯಾರು?

ನಮ್ಮ ದೊಡ್ಡಮ್ಮ ಹಾಲಿಗೆ ನೀರು ಬೆರೆಸುತ್ತಾಳಂತೆ!

ನಾನು ಹೇಳುತ್ತಿರುವುದಲ್ಲ. ಕಂಪ್ಯೂಟರ್ ಹೇಳಿದ್ದು. ಕಂಪ್ಯೂಟರ್ ಹೇಳಿದ ಮೇಲೆ ಎದುರಾಡುವುದುಂಟೇ?

ಮೊನ್ನೆ ಪಾಂಡವಪುರದ ನಮ್ಮ ಮನೆಯಲ್ಲಿ ಈ ಅಂಕಣಕ್ಕೆ ವಿಷಯ ಸಿಗದೆ ಒದ್ದಾಡುತ್ತಿದ್ದೆ. (ವಿಷಯ ಸಿಗದಿದ್ದರೆ ನಾನು ಅಡುಗೆಮನೆ ಡಬ್ಬಿಗಳನ್ನು ಒರೆಸಲು ಶುರು ಮಾಡುತ್ತೇನೆ ಅನ್ನೋದು ನಿಮಗೆ ಗೊತ್ತೇ ಇದೆ. ಆವತ್ತು ಸಾಸಿವೆ ಡಬ್ಬಿವರೆಗೂ ಬಂದಿದ್ದೆ.) ಅಷ್ಟರಲ್ಲಿ ದೊಡ್ಡಮ್ಮನ ಫೋನು. ನಮ್ಮ ಅವ್ವನ ಅಕ್ಕ, ಹೆಸರು ಜವರಮ್ಮ. ಫೋನ್ ಮಾಡಿದರೆ "ಉಂಡ್ಯಾ ಮಗ?" ಅಂತ ಕೇಳಿಯೇ ಮುಂದಿನ ಮಾತು. ಆವತ್ತು ಕೇಳಲಿಲ್ಲ.

"ನಾನು ಆಲ್ಗೆ ನೀರಾಕ್ತೀನಂತೆ ಕಣವ್ವ," ಅಂದಳು. ಆಮೇಲೆ ಸುಮ್ಮನಾದಳು.

ಜಗಳಕ್ಕೆ ನಿಂತರೆ ಬೀದಿಯ ಆ ತುದಿವರೆಗೂ ಕೇಳಿಸುವ ಗಂಟಲು ಅವಳದು. ಅಂಥ ಗಂಟಲೇ ಸುಮ್ಮನಾಗಿದೆ ಅಂದರೆ ಇದು ಸಣ್ಣ ವಿಷಯ ಅಲ್ಲ. ಒರೆಸುವ ಬಟ್ಟೆಯನ್ನು ಅಲ್ಲೇ ಎಸೆದು ಕೆ.ಆರ್. ಪೇಟೆ ಬಸ್ಸು ಹತ್ತಿದೆ.

ದೊಡ್ಡಮ್ಮನ ಊರು ಸಿಂಧಘಟ್ಟದಿಂದ ಇನ್ನೂ ಒಳಕ್ಕೆ. ಹೆಸರು ಬರೆಯೋದಿಲ್ಲ. ಆ ಊರಲ್ಲಿ ನನಗೆ ಇನ್ನೂ ಹಬ್ಬದೂಟ ಸಿಗಬೇಕು.

ವಿಷಯ ಇಷ್ಟು. ಊರಿನ ಹಾಲಿನ ಡೈರಿಯಲ್ಲಿ ಹಾಲು ಹಾಕಿದವರಿಗೆಲ್ಲ ಒಂದು ಚೀಟಿ ಕೊಡುತ್ತಾರೆ. ಎಷ್ಟು ಹಾಲು, ಫ್ಯಾಟ್ ಎಷ್ಟು ಅಂತ ಅದರಲ್ಲಿ ಇರುತ್ತದೆ. ಫ್ಯಾಟ್ ಅಂದರೆ ಹಾಲಿನ ಜಿಡ್ಡು. ಹಸುವಿನ ಹಾಲಿಗೆ ನಾಲ್ಕರ ಆಸುಪಾಸು ಬಂದರೆ ಗಟ್ಟಿ ಹಾಲು ಅಂತ ಲೆಕ್ಕ. ದೊಡ್ಡಮ್ಮನ ಚೀಟಿಯಲ್ಲಿ ಈಚೆಗೆ ದಿನಾ ಎರಡರ ಸುತ್ತಮುತ್ತ ಬರುತ್ತಿದೆ. ಎರಡು ಅಂದರೆ ಅದು ಹಾಲಲ್ಲ, ಹಾಲಿನ ಚೊಂಬು ತೊಳೆದ ನೀರು!

ಡೈರಿಯ ಸೆಕ್ರೆಟರಿ ಮರಿಯಣ್ಣ ಅಳುಕುತ್ತಲೇ ಹೇಳಿದ್ದನಂತೆ: "ಸೋಮವಾರ ಕಮಿಟಿ ಮೀಟಿಂಗ್ ಅದೆ ಜವರಕ್ಕ. ಅಷ್ಟ್ರೊಳಗೆ ಫ್ಯಾಟು ಸರಿಯೋಗ್ನಿಲ್ಲ ಅಂದ್ರೆ ನಿಮ್ಮ ಆಲ್ನ ತಕ್ಕೊಳಕ್ಕಾಗಾಕಿಲ್ಲ."

ಡೈರಿಯವರು ಬೇಡ ಅಂದರೆ ಹಾಲನ್ನು ಯಾವುದಾದರೂ ಹೋಟೆಲಿಗೆ ಹಾಕಬಹುದು. ಆದರೆ ನೀರು ಹಾಕಿದವಳು ಅಂತ ಡೈರಿಯಿಂದ ಕಳಿಸಿದ ಮೇಲೆ ಅದೇ ಬೀದಿಯಲ್ಲಿ ತಲೆಯೆತ್ತಿ ಓಡಾಡೋದು ಹೇಗೆ? ದೊಡ್ಡಮ್ಮನ ಮಗಳನ್ನು ನಾಗಮಂಗಲದ ಕಡೆ ಕೊಟ್ಟಿದೆ. ಈ ಸುದ್ದಿ ಆಗಲೇ ಅಲ್ಲಿನ ಬೀಗರಿಗೂ ಮುಟ್ಟಿಬಿಟ್ಟಿತ್ತು. ಬೀಗಿತ್ತಿ ಫೋನ್ ಮಾಡಿ ಬಹಳ ನಯವಾಗಿ "ಹಸೂಗೆ ಉಸಾರಿಲ್ವಂತೆ?" ಅಂತ ಕೇಳಿದರಂತೆ. ಆ ನಯ ಇದೆಯಲ್ಲ, ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತೆ.

ಇದರಲ್ಲಿ ಇನ್ನೂ ಒಂದು ಸಂಕಟ ಇದೆ. ಆ ಡೈರಿಯಲ್ಲಿ ಬೋಣಿ ಮಾಡೋದು ನಮ್ಮ ದೊಡ್ಡಮ್ಮ.

ಬೋಣಿ ಗೊತ್ತಲ್ಲ? ಅಂಗಡಿಯವರಿಗೆ ದಿನದ ಮೊದಲ ಗಿರಾಕಿ. ಇಲ್ಲಿ ಬೋಣಿ ಅಂದರೆ ಹೊತ್ತಿನ ಮೊದಲ ಹಾಲು. ಡೈರಿ ಶುರುವಾದ ದಿನ ದೊಡ್ಡಮ್ಮನೇ ಮೊದಲ ಚೊಂಬು ಸುರಿದಿದ್ದು. ಆವತ್ತು ಹಾಲು ಉಕ್ಕಿ ಹರಿಯಿತು, ಜವರಮ್ಮನ ಕೈಗುಣ ಒಳ್ಳೇದು ಅಂತ ಊರೇ ತೀರ್ಮಾನ ಮಾಡಿಬಿಟ್ಟಿತು. ಅವತ್ತಿನಿಂದ ಬೆಳಗ್ಗೆ, ಸಂಜೆ ಅವಳ ಹಾಲು ಬೀಳದೆ ಬೇರೆಯವರ ಕ್ಯಾನು ಮುಚ್ಚಳ ತೆಗೆಯಲ್ಲ. ಜ್ವರ ಬಂದರೂ ಕಂಬಳಿ ಹೊದ್ದು ಬಂದು ಸುರಿದು ಹೋಗುತ್ತಾಳೆ. ಕಮಿಟಿಗೆ ಅಧ್ಯಕ್ಷರು ಬಂದಿದ್ದಾರೆ, ಹೋಗಿದ್ದಾರೆ, ಬೋಣಿ ಮಾತ್ರ ಅವಳದೇ. ನೀರು ಹಾಕುತ್ತಾಳೆ ಅಂತ ಮಾತು ಹುಟ್ಟಿದ ಮೇಲೂ ಅದನ್ನು ತಪ್ಪಿಸುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಅವಳನ್ನು ಕಳ್ಳಿ ಅನ್ನಬಹುದು, ಅವಳ ಕೈಗುಣ ಬಿಡೋಕಾಗಲ್ಲ! ಎಂಥ ಜನ ನೋಡಿ ನಾವು.

ಸಂಜೆ ನಾನು ಹೋಗಿ ಇಳಿದಾಗ ದೊಡ್ಡಮ್ಮ ಅಳುತ್ತಾ ಕೂತಿರುತ್ತಾಳೆ ಅಂದುಕೊಂಡಿದ್ದೆ. ಕೂತಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಲ್ಲೇ ನಿಂತಿದ್ದಳು.

"ಬಾ ಇಲ್ಲಿ. ಕಾಫಿ ಆಮೇಕೆ. ಮೊದ್ಲು ಕೊಟ್ಟಿಗೆಗೆ ಬಾ. ಕಣ್ಣಾರೆ ನೋಡು."

ನೋಡಿದೆ. ಹೇಮಗಿರಿ ದನಗಳ ಜಾತ್ರೆಯಿಂದ ತಂದ ಹಸುವಿನ ಮಗಳು ಅದು, ಕೆಂದು ಬಣ್ಣ, ಸಿಡುಕು ಸ್ವಭಾವ. (ಸಾಕಿದವಳ ಹಾಗೇ.) ನನ್ನ ಕಣ್ಣೆದುರಿಗೇ ಕರೆದಳು. ಬೆರಳಿಗೆ ಹಾಲು ಅಂಟುತ್ತಿತ್ತು. ನೀರಿನ ಬಕೆಟ್ಟು ಕೊಟ್ಟಿಗೆಯ ಆಚೆ ಕಡೆ ಇತ್ತು. ಚೊಂಬನ್ನು ನಾನೇ ಹೊತ್ತು ಡೈರಿಗೆ ನಡೆದೆ. ದಾರಿಯಲ್ಲಿ ಅದಕ್ಕೆ ಯಾರ ಸೆರಗೂ ತಾಗಗೊಡಲಿಲ್ಲ.

ಡೈರಿಯಲ್ಲಿ ಸಾಲು ನಿಂತಿತ್ತು. ಮರಿಯಣ್ಣ ಫ್ಯಾಟ್ ಅಳೆಯುವ ಮಿಷಿನ್ನಿನ ಪೈಪು ಅದ್ದಿ, ತೆಗೆದು, ಒರೆಸಿ ಸಿದ್ಧವಾಗಿದ್ದ. ನಮ್ಮದು ಬೋಣಿ. ಹಾಲು ತೂಗಿದ. ಚೂರು ಹಾಲು ಬಟ್ಟಲಿಗೆ ಹಾಕಿ ಮಿಷಿನ್ನಿಗೆ ಇಟ್ಟ. ಆ ಕಡೆ ಗೋಡೆಗಿದ್ದ ಕಂಪ್ಯೂಟರಿನ ಹತ್ತಿರ ಹೋಗಿ ಬಟನ್ ಒತ್ತಿದ. ಚೀಟಿ ಬಂತು.

ಎರಡು ಚಿಲ್ಲರೆ!

ನಾನು ಚೀಟಿ ನೋಡಿದೆ, ಚೊಂಬು ನೋಡಿದೆ, ದೊಡ್ಡಮ್ಮನ ಮುಖ ನೋಡಿದೆ. ಅವಳು ಯಾರನ್ನೂ ನೋಡಲಿಲ್ಲ.

ಹಿಂದೆ ನಿಂತಿದ್ದವನು ಚಲುವಣ್ಣ. ದೊಡ್ಡಮ್ಮನ ಪಕ್ಕದ ಮನೆಯವನು. ದಿನಾ ಅವಳ ಹಿಂದೆಯೇ ಅವನ ಕ್ಯಾನು, ಸಾಲಿನಲ್ಲಿ ನಿಂತು ಅವಳನ್ನು ಮೊದಲು ಕಳ್ಳಿ ಅಂದವನೂ ಅವನೇ. "ಏನವ್ವ, ಪ್ಯಾಟೆಯಿಂದ ಲಾಯರ್ನ ಕರ್ಕಂಡು ಬಂದಂಗದೆ ನಮ್ಮಕ್ಕ? ಲಾಯರ್ ಬಂದ್ರೆ ನೀರು ಆಲಾಗ್ಬುಡ್ತದಾ?" ಅಂದ. ಸಾಲೆಲ್ಲ ನಕ್ಕಿತು. ಅವನ ಹಾಲು ಹಾಕಿದ. ಚೀಟಿಯಲ್ಲಿ ನಾಲ್ಕೂವರೆ! ಹಾಲು ಜಾಸ್ತಿ, ಜಿಡ್ಡು ಕಮ್ಮಿ ಅನ್ನೋ ಸೀಮೆ ಹಸುವಿಗೆ ನಾಲ್ಕೂವರೆ! ಚೀಟಿಯನ್ನು ಎಲ್ಲರಿಗೂ ತೋರಿಸಿ, "ಕಡ್ಲೆ ಒಟ್ಟು, ಅತ್ತಿಕಾಳಿನ ಇಂಡಿ, ಮ್ಯಾಲೊಂದು ಇಡಿ ಮೆಂತ್ಯ. ಎಲ್ಲಾರ್ಗೂ ಬರೋ ಇದ್ಯೆ ಅಲ್ಲ ಕಣ್ರಲಾ," ಅಂತ ಪಾಠ ಶುರು ಮಾಡಿದ. ಈಚೆಗೆ ಊರವರೆಲ್ಲ ಅವನನ್ನು ಕೇಳಿಕೊಂಡು ಮೆಂತ್ಯ ತರುತ್ತಿದ್ದರಂತೆ.

ನನಗೆ ಹಟ ಬಂತು. ಸಣ್ಣ ಹಟ ಅಲ್ಲ. ಈ ಊರಿಂದ ನಾನು ಹೊರಡೋದು ಆ ಎರಡು ಅನ್ನೋ ನಂಬರ್ ಎಲ್ಲಿಂದ ಬಂತು ಅಂತ ಗೊತ್ತಾದ ಮೇಲೆಯೇ ಅಂತ ಅಲ್ಲೇ ನಿಂತು ಹೇಳಿದೆ. "ಮಾಡಿ ಮೇಡಮ್ಮೋರೆ," ಅಂದ ಚಲುವಣ್ಣ. ಮೇಡಂ ಅನ್ನೋದನ್ನು ಬೈಗುಳದ ಹಾಗೆ ಅನ್ನಬಹುದು ಅಂತ ನನಗೆ ಅವತ್ತೇ ಗೊತ್ತಾಗಿದ್ದು.

"ಯಾವಾಗಿಂದ ಹಿಂಗೆ ಮರಿಯಣ್ಣ?" ಅಂತ ಕೇಳಿದೆ.

"ಒಸಾ ಕಂಪ್ಯೂಟರ್ ಬಂದ್ಮೇಲೆ ಅನ್ಕೋ ತಂಗಿ."

"ಮತ್ತೆ ಕಂಪ್ಯೂಟರ್ದೇ ತಪ್ಪು ಇರಬಹುದಲ್ಲ?"

"ಅದೆಂಗಾದದು? ಮಿಕ್ಕೋರ್ದೆಲ್ಲ ಸರಿಯಾಗದೆ. ನಿಮ್ಮ ದೊಡ್ಡವ್ವಂದು ಮಾತ್ರ ತಪ್ಪು ಯೋಳಕ್ಕೆ ಕಂಪ್ಯೂಟರ್ಗೇನು ಅಗೆತನವಾ?"

ಒಳ್ಳೇ ಪ್ರಶ್ನೆ. ಮರಿಯಣ್ಣ ಕೆಟ್ಟವನಲ್ಲ ಸ್ವಾಮಿ. ಕಂಪ್ಯೂಟರಿನ ಮೇಲೆ ಅವನಿಗೆ ವಿಪರೀತ ಭಕ್ತಿ, ಅಷ್ಟೇ. ಹಾಲು ಸಿಡಿಯುತ್ತೆ, ಧೂಳು ಕೂರುತ್ತೆ ಅಂತ ಹೊಸ ಕಂಪ್ಯೂಟರನ್ನು ಮಿಷಿನ್ನಿನ ಪಕ್ಕದಿಂದ ಎಬ್ಬಿಸಿ ಎದುರು ಗೋಡೆಯ ಗಾಜಿನ ಬೀರುವಿನಲ್ಲಿ ಕೂರಿಸಿದ್ದ. ಅಲ್ಲಿಂದ ಮಿಷಿನ್ನಿಗೆ ಉದ್ದದ ವೈರು, ಬಾಗಿಲ ಮೇಲಿಂದ ಸುತ್ತಿ ಬಂದಿತ್ತು. ಉದ್ದ ಸಾಲದೆ ನಡುವೆ ಇನ್ನೊಂದು ವೈರು ಜೋಡಿಸಿ ಕರೀ ಟೇಪು ಸುತ್ತಿದ್ದ.

ಮಾರನೆ ದಿನ ಬೆಳಗ್ಗೆಯಿಂದ ನನ್ನ ರಿಪೇರಿ ಶುರು. ಮಿಷಿನ್ನಿನ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಪುಣ್ಯಾತ್ಮ ಬಹಳ ಹೊತ್ತು ಸಂಗೀತ ಕೇಳಿಸಿ ಆಮೇಲೆ ಹೇಳಿದ್ದು, "ಒಂದ್ಸಲ ಆಫ್ ಮಾಡಿ ಆನ್ ಮಾಡಿ ಮೇಡಂ." (ಈ ಔಷಧಿಯಿಂದ ಎಲ್ಲ ವಾಸಿಯಾಗುವುದಾದರೆ ನಮ್ಮ ಯಜಮಾನರ ಮೇಲೆ ಯಾವತ್ತೋ ಪ್ರಯೋಗ ಮಾಡುತ್ತಿದ್ದೆ.) ಮಾಡಿದೆ. ಸಂಜೆಯ ಚೀಟಿಯಲ್ಲಿ ಮತ್ತೆ ಎರಡು. ಮಾರನೆ ಬೆಳಗ್ಗೆ ವೈರನ್ನು ಕಂಪ್ಯೂಟರಿನ ಹಿಂದಿನ ತೂತಿನಿಂದ ಕಿತ್ತು ಮುಂದಿನ ತೂತಿಗೆ ಹಾಕಿದೆ. ಎರಡು. ಅವತ್ತು ಸಂಜೆ ಕಂಪ್ಯೂಟರಿನಲ್ಲಿ ಮರಿಯಣ್ಣ ತುಂಬಿಸಿಟ್ಟಿದ್ದ ನಾಮಕರಣ, ಗೃಹಪ್ರವೇಶಗಳ ವಿಡಿಯೋಗಳನ್ನೆಲ್ಲ ತೆಗೆಸಿದೆ, ಭಾರ ಕಮ್ಮಿಯಾಗಲಿ ಅಂತ. ಮರಿಯಣ್ಣನಿಗೆ ಬೇಜಾರಾಯಿತು. ಚೀಟಿಯಲ್ಲಿ ಆಗಲೂ ಎರಡೇ.

"ಬುಡವ್ವ, ಓಗ್ಲಿ," ಅಂದಳು ದೊಡ್ಡಮ್ಮ ಮನೆಗೆ ಬಂದು.

"ಯಾಕೆ ಬಿಡ್ಲಿ? ನೀನು ನೀರು ಹಾಕಿದ್ದೀಯಾ?"

"ಮನೆದ್ಯಾವ್ರಾಣೆ ಇಲ್ಲ."

"ಹಂಗಾದ್ರೆ ಬಾಯಿ ಮುಚ್ಕೊಂಡು ನಾಳೆನೂ ಬೋಣಿ ಮಾಡು," ಅಂದೆ. ದೊಡ್ಡಮ್ಮನಿಗೆ ಬಾಯಿ ಮುಚ್ಚು ಅಂದಿದ್ದು ಅದೇ ಮೊದಲು. ಅವಳೂ ಸುಮ್ಮನೆ ಮುಚ್ಚಿಕೊಂಡಳು, ಪಾಪ.

ಮರುದಿನ ಬೆಳಗ್ಗೆ ನಾನು ಸಾಲಿನಲ್ಲಿ ನಿಲ್ಲಲಿಲ್ಲ. ಸೀದಾ ಹೋಗಿ ಕಂಪ್ಯೂಟರಿನ ಮುಂದೆ ಕೂತೆ, ಪರದೆಯಿಂದ ಕಣ್ಣು ತೆಗೆಯಬಾರದು ಅಂತ. ದೊಡ್ಡಮ್ಮನ ಹಾಲು ಮಿಷಿನ್ನಿಗೆ ಹೋಯಿತು. ಮರಿಯಣ್ಣ ಬಟನ್ ಒತ್ತಿದ. ಚೀಟಿ ಬಂತು, ಎರಡು. ಅವನು ಚೀಟಿ ಹರಿದು ಕೊಟ್ಟು ಆ ಕಡೆ ತಿರುಗಿದ. ಆಗ, ಅವನು ತಿರುಗಿದ ಮೇಲೆ, ಪರದೆಯಲ್ಲಿದ್ದ ಎರಡು ಪುಸಕ್ಕನೆ ಅಳಿಸಿ ನಾಲ್ಕೂವರೆ ಆಯಿತು!

ನಾನು ಕುರ್ಚಿಯನ್ನು ಇನ್ನೂ ಹತ್ತಿರ ಎಳೆದುಕೊಂಡೆ. ಚಲುವಣ್ಣ ಹಾಲು ಹಾಕಿದ. ಬಟನ್. ಚೀಟಿ. ನಾಲ್ಕೂವರೆ. ಅವನು ಮೀಸೆ ತಿರುವುತ್ತಾ ಹೋದ ಮೇಲೆ ಪರದೆಯಲ್ಲಿ ನಿಧಾನಕ್ಕೆ ಮೂರು ಚಿಲ್ಲರೆ ಬಂದು ಕೂತಿತು.

ಅಯ್ಯೋ ದೇವರೇ! ಮಿಷಿನ್ನಿನಿಂದ ಕಂಪ್ಯೂಟರಿಗೆ ಸುದ್ದಿ ಬರೋದು ತಡವಾಗ್ತಿದೆ! ಮರಿಯಣ್ಣ ಕಾಯಲ್ಲ. ತೂಕ ಬಂತಾ, ಒತ್ತಿದ. ಅಷ್ಟು ಹೊತ್ತಿಗೆ ಕಂಪ್ಯೂಟರಿನ ಹತ್ತಿರ ಇರೋದು ಮುಂಚೆ ಹಾಲು ಹಾಕಿದವರ ಫ್ಯಾಟು. ಅದನ್ನೇ ಆಮೇಲೆ ಬಂದವರ ಹೆಸರಿಗೆ ಹೊಡೆದು ಕೊಡುತ್ತಿದೆ. ಮಿಷಿನ್ನು ಹೇಳುತ್ತೆ, ಟೇಪು ಸುತ್ತಿದ ವೈರಿನಲ್ಲಿ ಅರ್ಧ ಕೇಳಿಸುತ್ತೆ, ಕಂಪ್ಯೂಟರ್ 'ಏನಂದೆ?' ಅಂತ ಮತ್ತೆ ಕೇಳುತ್ತೆ. ಟವರ್ ಸಿಗದ ಕಡೆ ಫೋನಿನಲ್ಲಿ ಮಾತಾಡಿದ ಹಾಗೆ.

ಎಲ್ಲರಿಗೂ ತಮಗಿಂತ ಮುಂಚೆ ಹಾಕಿದವರದು ಬರುತ್ತಿದ್ದರೂ ಯಾರಿಗೂ ಗೊತ್ತಾಗಿಲ್ಲ. ಯಾಕೆ ಹೇಳಿ? ಎಲ್ಲರ ಹಸುಗಳದ್ದೂ ಮೂರು ಮೂರೂಕಾಲು. ಅತ್ತಿತ್ತ ಆದರೆ ಯಾರು ನೋಡುತ್ತಾರೆ? ಚಲುವಣ್ಣನಿಗೆ ಮಾತ್ರ ದೊಡ್ಡಮ್ಮನ ಗಟ್ಟಿ ಹಾಲಿನ ನಂಬರ್ ಸಿಗುತ್ತಿತ್ತು. ಜಾಸ್ತಿ ಬಂದರೆ ಯಾವ ಮನುಷ್ಯ ದೂರು ಕೊಡುತ್ತಾನೆ? ಅದು ನಮ್ಮ ಜಾಣತನ ಅಂದುಕೊಳ್ಳುತ್ತೇವೆ. ಮೆಂತ್ಯಕ್ಕೆ ಹೆಸರು ಬರುತ್ತೆ.

ಸರಿ, ದೊಡ್ಡಮ್ಮನ ಹಿಂದೆ ಇರೋನಿಗೆ ದೊಡ್ಡಮ್ಮನದು. ದೊಡ್ಡಮ್ಮನಿಗೆ ಯಾರದು? ಅವಳ ಮುಂದೆ ಯಾರೂ ಇಲ್ಲವಲ್ಲ?

"ಮರಿಯಣ್ಣ, ಬೋಣಿಗೆ ಮುಂಚೆ ನೀವು ಈ ಮಿಷಿನ್ನಿಗೆ ಏನು ಕುಡಿಸ್ತೀರಿ?"

"ಏನಿಲ್ಲ ತಂಗಿ. ಕ್ಯಾನ್ನಾಗೆ ಮಿಕ್ಕಿರೋ ಆಲ್ಗೆ ಚೂರು ನೀರು ಬುಟ್ಟು, ಕಲ್ಕಿ, ಅದ್ನೇ ಒಂದ್ಸತಿ ಓಡುಸ್ತೀನಿ. ಪೈಪು ತೊಳ್ಕಂಡಂಗೂ ಆಯ್ತದೆ, ಮಿಷಿನ್ನು ನಡೀತದಾ ಇಲ್ವಾ ಗೊತ್ತಾಯ್ತದೆ."

ಚೊಂಬು ತೊಳೆದ ನೀರು! ಅದರ ಫ್ಯಾಟು ಎರಡು! ಹೊತ್ತಿಗೊಂದು ಸಲ ಅದನ್ನು ಮೊದಲು ಬಂದವರ ಹೆಸರಿಗೆ ಬರೆಯುತ್ತಿದೆ ಕಂಪ್ಯೂಟರ್. ಮೊದಲು ಬರೋದು ಯಾವಾಗಲೂ ಒಬ್ಬಳೇ. ಕೈಗುಣ ಒಳ್ಳೇದು ಅಂತ ಊರೇ ಮುಂದೆ ನಿಲ್ಲಿಸಿದವಳು.

ಮಿಷಿನ್ನಿಗೂ ತನ್ನದೇ ಒಂದು ಸಣ್ಣ ಪರದೆ ಇರುತ್ತದೆ, ನಂಬರ್ ಅಲ್ಲೂ ಕಾಣಬೇಕು. ಯಾಕೆ ಯಾರೂ ನೋಡಿಲ್ಲ ಅಂತ ಹೋಗಿ ಬಗ್ಗಿದೆ. ಕಂಡಿದ್ದು ಮೂರು ಪಟ್ಟೆ ವಿಭೂತಿ, ನಡುವೆ ದಪ್ಪ ಕುಂಕುಮ. ಆಯುಧಪೂಜೆಯಲ್ಲಿ ಹಚ್ಚಿದ್ದು, ಅಳಿಸಿದರೆ ಅಪಚಾರ ಅಂತ ಹಾಗೇ ಬಿಟ್ಟಿದ್ದಾರೆ. ಪಾಪ, ನಿಜ ಹೇಳುತ್ತಿದ್ದ ಆ ಒಂದು ಕಣ್ಣಿಗೆ ನಾವೇ ಭಕ್ತಿಯಿಂದ ಕುಂಕುಮ ಮೆತ್ತಿದ್ದೆವು. ಕೈಮುಗಿದು, ಉಗುರಿನಿಂದ ಕೆರೆದೆ. ಒಳಗೆ ನಂಬರ್ ಹಸಿರಾಗಿ ಮಿನುಗುತ್ತಿತ್ತು.

ಆದರೆ ನಾನೊಬ್ಬಳು ನೋಡಿದರೆ ಸಾಕೇ? ಹೊರಗೆ ನಿಂತು ನಕ್ಕಿದ್ದು ಸಾಲು. ನೋಡಬೇಕಾದ್ದೂ ಸಾಲೇ. ಸಂಜೆ ಎಲ್ಲರ ಎದುರಿಗೆ ಹೇಳಿದೆ: "ಚಲುವಣ್ಣ, ಇವತ್ತು ಬೋಣಿ ನೀವು ಮಾಡಿ."

ಸಾಲಿನಲ್ಲಿ ಗುಸುಗುಸು. ಜವರಮ್ಮನ ಕೈ ತಪ್ಪಿಸೋದಾ? ಚಲುವಣ್ಣನೂ ಒಂದು ಗಳಿಗೆ ಹಿಂದೆಮುಂದೆ ನೋಡಿದ. ಆದರೆ ಮರ್ಯಾದೆ ತಾನಾಗೇ ಹುಡುಕಿಕೊಂಡು ಬಂದಾಗ ಯಾರು ಬಿಡುತ್ತಾರೆ? ಹೆಗಲ ಮೇಲಿನ ಟವಲು ಕೊಡವಿ ಮುಂದೆ ಬಂದ. "ನೋಡ್ರಲಾ, ಇವತ್ತಿಂದ ಡೈರಿ ಎಂಗೆ ಬೆಳೀತದೆ," ಅಂತ ಕ್ಯಾನು ಬಗ್ಗಿಸಿದ. ಬಟನ್. ಚೀಟಿ.

ಎರಡು.

"ಏಯ್! ಮಿಷಿನ್ನು ಕೆಟ್ಟೋಗದೆ ಕಣ್ಲಾ ಮರಿ! ಸುಳ್ಳು ಯೋಳ್ತದೆ!" ಅಂತ ಕೂಗಿದ.

ಗಮನಿಸಿದಿರಾ? ದೊಡ್ಡಮ್ಮನಿಗೆ ಎರಡು ಬಂದಾಗ ಮಿಷಿನ್ನು ಸರಿಯಾಗಿತ್ತು. ಕೆಟ್ಟವಳು ದೊಡ್ಡಮ್ಮ. ಚಲುವಣ್ಣನಿಗೆ ಎರಡು ಬಂದ ಮರುಕ್ಷಣ ಮಿಷಿನ್ನು ಕೆಟ್ಟುಹೋಯಿತು. ನಾವೆಲ್ಲ ಹೀಗೇ ಅಲ್ಲವೇ? ಬೇರೆಯವರ ವಿಷಯಕ್ಕೆ ಕಾಗದದಲ್ಲಿ ಅಚ್ಚಾಗಿದ್ದೇ ವೇದವಾಕ್ಯ. ನಮ್ಮ ಕರೆಂಟ್ ಬಿಲ್ ಜಾಸ್ತಿ ಬಂದರೆ ಮಾತ್ರ ಮೀಟರ್ ದೋಷ.

ಆಮೇಲೆ ದೊಡ್ಡಮ್ಮ ಹಾಲು ಹಾಕಿದಳು. ಚೀಟಿಯಲ್ಲಿ ಮೂರು ಚಿಲ್ಲರೆ, ಚಲುವಣ್ಣನ ಸೀಮೆ ಹಸುವಿನದು. ನಾನು ಮಿಷಿನ್ನಿನ ಪುಟ್ಟ ಪರದೆಯನ್ನು ಸಾಲಿನ ಕಡೆ ತಿರುಗಿಸಿದೆ. "ಎಲ್ಲಾರೂ ನೋಡ್ಕೊಳ್ಳಿ. ಚೀಟಿ ಏನು ಹೇಳುತ್ತೆ, ಇದು ಏನು ಹೇಳುತ್ತೆ. ಚೀಟೀಲಿ ಬರ್ತಿರೋದು ಮುಂಚೆ ಹಾಕಿದವರ ಫ್ಯಾಟು." ಪರದೆಯಲ್ಲಿ ನಾಲ್ಕೂವರೆ ಮಿನುಗುತ್ತಿತ್ತು. ಸಾಲು ಒಬ್ಬೊಬ್ಬರಾಗಿ ಬಗ್ಗಿ ನೋಡಿತು. ಯಾರೋ "ಮೆಂತ್ಯ ಸುಮ್ನೆ ದಂಡ ಆಯ್ತಲ್ಲಾ!" ಅಂದರು. ಈ ಸಲ ನಗು ಬೇರೆ ಕಡೆಗಿತ್ತು. ಚಲುವಣ್ಣ ಕ್ಯಾನು ಎತ್ತಿಕೊಂಡು ಹೊರಟೇಹೋದ.

ಮರಿಯಣ್ಣನ ಮುಖ ಮಾತ್ರ ನೋಡೋಕಾಗಲಿಲ್ಲ. ಬಂದು ದೊಡ್ಡಮ್ಮನ ಎರಡೂ ಕೈ ಹಿಡಿದುಕೊಂಡ. "ತಪ್ಪಾಯ್ತು ಅಕ್ಕ. ಒಂದ್ಗಳ್ಗೆ ಕಾದಿದ್ರೆ ಆಗೋದು. ಸಾಲು ಬೆಳೀತದೆ ಅಂತ ಒತ್ಬುಡ್ತಿದ್ದೆ," ಅಂದ. ಕಣ್ಣಲ್ಲಿ ನೀರು. ದೊಡ್ಡಮ್ಮ "ಓಗ್ಲಿ ಬುಡಪ್ಪ" ಅಂದಳು, ಅವನಿಗೆ ಮಾತ್ರ.

ಭಾನುವಾರ ನಾನೂ ಮರಿಯಣ್ಣನೂ ಕಂಪ್ಯೂಟರನ್ನು ಗಾಜಿನ ಬೀರುವಿನಿಂದ ಇಳಿಸಿ ಮತ್ತೆ ಮಿಷಿನ್ನಿನ ಪಕ್ಕಕ್ಕೆ ತಂದೆವು. ಕೆ.ಆರ್. ಪೇಟೆಯಿಂದ ಹೊಸ ವೈರು ತರಿಸಿದೆವು, ಮೊಳದುದ್ದದ್ದು. ಟೇಪು ಸುತ್ತಿದ ಹಾವನ್ನು ಕಿತ್ತು ಮೂಲೆಗೆ ಎಸೆದೆವು. ಮಿಷಿನ್ನು 'ಟಿಂಗ್' ಅನ್ನೋದಕ್ಕೂ ಕಂಪ್ಯೂಟರಿನಲ್ಲಿ ನಂಬರ್ ಬರೋದಕ್ಕೂ ಈಗ ವ್ಯತ್ಯಾಸವೇ ಇಲ್ಲ. ಮಿಷಿನ್ನಿನ ತಲೆಯ ಮೇಲೆ ಒಂದು ಚುಕ್ಕಿ ಕುಂಕುಮ ಇಟ್ಟು ಪರದೆಗೆ ಹಚ್ಚಬೇಡಿ ಅಂತ ತಾಕೀತು ಮಾಡಿದೆ.

ಸೋಮವಾರ ಕಮಿಟಿ ಕೂತಿತು. ದೊಡ್ಡಮ್ಮನ ಹಾಲಿನಲ್ಲಿ ಏನೂ ತಪ್ಪಿಲ್ಲ ಅಂತ ತೀರ್ಮಾನ ಆಯಿತು. ಗೋಡೆಗೆ ಕಾಗದ ಅಂಟಿಸಿದರು: 'ತಾಂತ್ರಿಕ ಕಾರಣದಿಂದ ಉಂಟಾದ ವ್ಯತ್ಯಾಸಕ್ಕೆ ವಿಷಾದಿಸುತ್ತೇವೆ.' ನಾನು ಓದಿ ಹೇಳಿದೆ. ದೊಡ್ಡಮ್ಮ ಕೇಳಿಸಿಕೊಂಡಳು.

"ಇದು ಯಾರು ಆಡಿದ್ ಮಾತು? ಗೋಡೆನಾ?"

ಮಂಗಳವಾರ ಬೆಳಗ್ಗೆ ದೊಡ್ಡಮ್ಮ ಚೊಂಬು ಹಿಡಿದು ಹೋಗಿ ಸಾಲಿನ ಕೊನೆಯಲ್ಲಿ ನಿಂತಳು. ಮುಂದೆ ಬನ್ನಿ ಜವರಕ್ಕ ಅಂತ ಮರಿಯಣ್ಣ ಕರೆದ. ಬರಲಿಲ್ಲ. ಸಾಲೆಲ್ಲ ಕರೆಯಿತು. ಊಹೂಂ.

"ನೀರಾಕ್ತಾಳೆ ಅಂತ ಈ ಸಾಲ್ನಾಗೆ ನಿಂತು ಅಂದ್ರು. ಇಲ್ಲ ಅಂತ ಈ ಸಾಲ್ನಾಗೆ ನಿಂತೇ ಅನ್ಲಿ. ಆಮೇಕೆ ಬೋಣಿ," ಅಂದಳು.

ಎಲ್ಲರೂ ಚಲುವಣ್ಣನ ಕಡೆ ತಿರುಗಿದರು. ಅವನು ಕ್ಯಾನಿನ ಮುಚ್ಚಳ ನೋಡಿಕೊಂಡು, "ಮಿಷಿನ್ನು ತಪ್ಪು ಮಾಡ್ತಂತೆ ಬುಡಕ್ಕ," ಅಂದ.

"ಮಿಷಿನ್ನು ಬರೀ ನಂಬರ್ ಯೋಳ್ತು ಕಣೋ ಚಲುವ. ಕಳ್ಳಿ ಅಂದದ್ದು ನೀನು."

ಅವನು ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಏನೂ ಬರಲಿಲ್ಲ. ಆವತ್ತು ಬೋಣಿ ಯಾರು ಮಾಡಬೇಕು ಅಂತ ಯಾರಿಗೂ ತೋಚದೆ ಹಾಲು ಹಾಗೇ ನಿಂತಿತ್ತು. ಕಡೆಗೆ ಮರಿಯಣ್ಣನೇ ಹೆದರಿಕೊಂಡು ತನ್ನ ಮನೆಯ ಹಾಲು ಸುರಿದು ಶುರು ಮಾಡಿದ. ದೊಡ್ಡಮ್ಮ ಕೊನೆಯವಳಾಗಿ ಹಾಕಿ, ಚೀಟಿ ತೆಗೆದುಕೊಂಡು, ತಲೆಯೆತ್ತಿ ಬೀದಿ ನಡುವೆಯೇ ಮನೆಗೆ ನಡೆದಳು. ಚೀಟಿಯಲ್ಲಿ ನಾಲ್ಕೂವರೆ ಇತ್ತು.

ನಾನು ಪಾಂಡವಪುರಕ್ಕೆ ಬಂದಿದ್ದೇನೆ. ದಿನಾ ಫೋನ್ ಮಾಡಿ ಕೇಳುತ್ತೇನೆ. ಅವಳು ಮೊದಲು "ಉಂಡ್ಯಾ ಮಗ?" ಅಂತಾಳೆ, ಸದ್ಯ, ಅದಂತೂ ವಾಪಸ್ ಬಂದಿದೆ. ಚಲುವಣ್ಣ ಏನಾದರೂ ಅಂದನಾ ಅಂದರೆ, "ಇನ್ನೂ ಇಲ್ಲ. ನಂಗೇನು ಆತ್ರ ಇಲ್ಲ, ಸಾಲ್ನ ಕೊನೇಲಿ ನಿಂತಿವ್ನಿ" ಅಂತಾಳೆ.

ಮಿಷಿನ್ನಿನಿಂದ ಕಂಪ್ಯೂಟರಿಗೆ ಇದ್ದ ವೈರು ಬದಲಾಯಿಸಿದೆ, ಚಲುವಣ್ಣನ ಎದೆಯಿಂದ ಬಾಯಿಗೆ ಇರೋ ವೈರು ಯಾವ ಅಂಗಡಿಯಲ್ಲಿ ಸಿಗುತ್ತೆ?